ಕಮೋಡಿಗೆ ಹೂ ಮುಡಿಸಿದವರು

ಹೂವು ನೀರು ಕುಡಿಯಬೇಕು. ಹೆಂಗಸರು ಕುಡಿಯಬಾರದು. ಆ ಮದುವೆಗೆ ಹೂ ಕಟ್ಟಲು ಬಂದವರಿಗೆ ಬೆಳಿಗ್ಗೆ ಸಿಕ್ಕ ಮೊದಲ ಅಪ್ಪಣೆ ಇದು.

ಹೂವು ಕುಡಿಯಬೇಕಾದದ್ದು ಬರೀ ನೀರಲ್ಲ, ನೀಲಿ ನೀರು. ಬಿಳಿ ಸೇವಂತಿಗೆ, ಬಿಳಿ ಗುಲಾಬಿಗಳ ದಂಟನ್ನು ಓರೆಯಾಗಿ ಕತ್ತರಿಸಿ, ಬಣ್ಣ ಕಲಸಿದ ಬಕೆಟ್‌ಗಳಲ್ಲಿ ನಿಲ್ಲಿಸಬೇಕು. ದಂಟು ಹೀರಿದ ಹಾಗೆಲ್ಲ ದಳದ ನರನರಕ್ಕೂ ನೀಲಿ ಏರುತ್ತದೆ. ಹೆಂಗಸರು ಯಾಕೆ ಕುಡಿಯಬಾರದು? ಕುಡಿದರೆ ಒಂದಕ್ಕೆ ಹೋಗಬೇಕಾಗುತ್ತದೆ. ಹೋಗಲು ಜಾಗವಿಲ್ಲ.

ಜಾಗವೇ ಇರಲಿಲ್ಲ ಅಂತಲ್ಲ. ಹಾಲ್‌ನ ಹಿಂಭಾಗದಲ್ಲಿ ಕೆಲಸದವರಿಗೆಂದೇ ಒಂದು ಕಕ್ಕಸು ಇತ್ತು. ಸಣ್ಣದು, ಕತ್ತಲೆಯದು, ತಂಪಾದದ್ದು. ತಂಪಾಗಿದ್ದದ್ದೇ ಅದರ ತಪ್ಪು. ಮದುವೆಯ ಅಲಂಕಾರ ವಹಿಸಿಕೊಂಡಿದ್ದ ಡಿಸೈನರಮ್ಮ ಒಳಗೆ ಇಣುಕಿ, "ಪರ್ಫೆಕ್ಟ್! ಹೂವಿಗೆ ಇದೇ ಸರಿಯಾದ ರೂಮು" ಅಂದಳು. ಬಕೆಟ್‌ಗಳನ್ನೆಲ್ಲ ಅಲ್ಲಿ ಒತ್ತೊತ್ತಾಗಿ ಇಡಿಸಿ, ಹೂವಿಗೆ ಯಾರೂ ತೊಂದರೆ ಕೊಡಬಾರದೆಂದು ಬೀಗ ಜಡಿದು, ಬೀಗದ ಕೈಯನ್ನು ತನ್ನ ಚೀಲದೊಳಕ್ಕೆ ಇಳಿಬಿಟ್ಟಳು. ಹೂವು ಬೇಕಾದಾಗ ತಾನೇ ಬಂದು ತೆಗೆದು ಕೊಡುವಳು. ಹೂವು ಕಕ್ಕಸಿನಲ್ಲಿ ಆರಾಮಾಗಿ ನಿಂತಿತು. ಹೆಂಗಸರು ಹೊರಗೆ ತೊಡೆ ಬಿಗಿಹಿಡಿದು ನಿಂತರು.

ಆ ಡಿಸೈನರಮ್ಮನಿಗೆ ಹೂ ಕಟ್ಟುವವರು ಇಟ್ಟ ಹೆಸರು ಥೀಮ್ ಮೇಡಮ್. ಆಕೆಯ ಬಾಯಲ್ಲಿ ಮಾತಿಗೆ ಮುಂಚೆ ಥೀಮ್ ಬರುತ್ತಿತ್ತು. ಈ ಮದುವೆಯ ಥೀಮ್ ಕಡುನೀಲಿ. ಕುರ್ಚಿ ನೀಲಿ, ಪರದೆ ನೀಲಿ, ನೆಲಹಾಸು ನೀಲಿ, ಬಂದವರಿಗೆ ಕೊಡುವ ಶರಬತ್ತೂ ನೀಲಿ. ಎಲೆಗಳು ಹಸಿರಾಗಿವೆ ಎಂದು ಆಕೆಗೆ ಬೆಳಿಗ್ಗೆ ಗೊತ್ತಾಯಿತು. "ಎಲೆ ಯಾಕೆ ಹಸಿರಿದೆ?" ಎಂದು ಕೇಳಿದಳು. ಕೊನೆಗೆ ಎಲೆಯನ್ನೆಲ್ಲ ಕಿತ್ತು ಹಾಕಿಸಿದಳು. ಮಧ್ಯಾಹ್ನ ದೊಡ್ಡ ಗಾಜಿನ ಕಿಟಕಿಯ ಮುಂದೆ ನಿಂತು ತಲೆ ಚಚ್ಚಿಕೊಂಡಳು. "ಅಯ್ಯೋ, ಆಕಾಶದ ನೀಲಿನೇ ಬೇರೆ! ನಮ್ಮ ನೀಲಿಗೆ ಹೊಂದ್ತಾನೇ ಇಲ್ಲ. ಮುಚ್ಚಿ, ಮುಚ್ಚಿ." ಇಬ್ಬರು ಏಣಿ ಹತ್ತಿ ಆಕಾಶಕ್ಕೆ ಪರದೆ ಎಳೆದರು.

ಹೂ ಕಟ್ಟುವವರಲ್ಲಿ ಹಿರಿಯಳು ಗಂಟಕ್ಕ. ಅವಳು ಹಾಕಿದ ಗಂಟನ್ನು ಬಿಚ್ಚಿದವರಿಲ್ಲ, ಅದಕ್ಕೇ ಆ ಹೆಸರು. ಹೂವು ಒಣಗಿ ಪುಡಿಯಾದರೂ ದಾರದಲ್ಲಿ ಗಂಟು ಉಳಿದಿರುತ್ತಿತ್ತು. ಅವಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ದಂಟು ಕತ್ತರಿಸುತ್ತಿದ್ದವಳು ಅವಳ ಸೊಸೆ. ಸೊಸೆಗೆ ಏಳು ತಿಂಗಳು. ಮನೆಯಲ್ಲಿ ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಲೋಟ ಬೋರಲು ಹಾಕಿದ್ದಕ್ಕೂ ಜಗಳ, ಹಾಕದಿದ್ದದ್ದಕ್ಕೂ ಜಗಳ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಈ ಮನೆಗೆ ಎರಡೂ ಕಾಲ ಇನ್ನೂ ಬಂದಿರಲಿಲ್ಲ.

ಹೋದ ವರ್ಷ ಸೊಸೆಯ ಬಸಿರು ಅರ್ಧದಲ್ಲೇ ಹೋಗಿತ್ತು. ಉರಿಮೂತ್ರ ಏರಿ, ಚಳಿಜ್ವರ ಬಂದು, ಮಗು ಹೋಯಿತು. ಈ ಬಸಿರು ನಿಂತಾಗ ಡಾಕ್ಟರಮ್ಮ ಬೈದದ್ದು ಸೊಸೆಯನ್ನಲ್ಲ, ಗಂಟಕ್ಕನನ್ನು. "ಕಟ್ಕೊಂಡು ಕಟ್ಕೊಂಡು ಹೀಗಾಗಿದೆ. ಈ ಸಲ ಚೆನ್ನಾಗಿ ನೀರು ಕುಡಿಸಿ. ಬಂದಾಗ ಹೋಗೋಕೆ ಬಿಡಿ. ಇಲ್ಲಾಂದ್ರೆ ಇದೂ ಉಳಿಯಲ್ಲ." ಗಂಟಕ್ಕ ತಲೆ ತಗ್ಗಿಸಿ ಕೇಳಿಸಿಕೊಂಡಿದ್ದಳು. ತಾನು ಯಾವತ್ತು ಬಿಡಲಿಲ್ಲ ಎಂದು ಕೇಳಬೇಕೆನಿಸಿತ್ತು. ಬಿಡದೆ ಇದ್ದದ್ದು ಮದುವೆ ಹಾಲ್‌ಗಳು. ಆದರೆ ಹಾಲ್‌ಗಳನ್ನು ಕರೆದುಕೊಂಡು ಬಂದು ಡಾಕ್ಟರಮ್ಮನ ಮುಂದೆ ಕೂರಿಸುವುದು ಹೇಗೆ?

ಬಸುರಿಯನ್ನು ಮನೆಯಲ್ಲೇ ಕೂರಿಸಬಹುದಿತ್ತಲ್ಲ ಎಂದು ಓದುವವರು ಕೇಳಬಹುದು. ಕೂರಿಸಿ ಉಣ್ಣಿಸುವ ಮನೆಯ ಸೊಸೆ ಅಲ್ಲ ಅವಳು. ಕೇಳುವವರಿಗೆ ಇಷ್ಟು ಸಾಕು.

ಬೆಳಿಗ್ಗೆಯಿಂದ ಬಣ್ಣದ ನೀರಿನಲ್ಲಿ ಕೈಯಾಡಿಸಿ ಎಲ್ಲರ ಕೈಗಳೂ ಮೊಣಕೈವರೆಗೆ ನೀಲಿಯಾಗಿದ್ದವು. ಉಗುರಿನ ಸಂದಿಯೂ ನೀಲಿ. ದಂಟು ಚುಚ್ಚಿ ಬಂದ ರಕ್ತ ಕೂಡ ಆ ಕೈ ಮೇಲೆ ಕಪ್ಪಗೆ ಕಾಣುತ್ತಿತ್ತು. ಹೂ ಕಟ್ಟುವವರನ್ನು ಕರೆತಂದ ಮೇಸ್ತ್ರಿ ಒಬ್ಬನಿಗೆ ಮಾತ್ರ ಮೈತುಂಬ ನೀಲಿ ಕೋಟು. ಅವನು ಗಂಟಕ್ಕನ ಸ್ವಂತ ತಮ್ಮ. ಕೋಟು ಥೀಮ್‌ಗೆ ಹೊಂದುತ್ತಿದ್ದುದರಿಂದ ಅವನು ಹಾಲ್‌ನಲ್ಲಿ ಓಡಾಡಬಹುದಿತ್ತು. ಉಳಿದವರು ಪರದೆಯ ಹಿಂದೆ.

"ಅಕ್ಕ, ಹೂವಿನ ಗೋಡೆ ಮುಗೀತಾ? ಮೇಡಮ್ ನಿನ್ನನ್ನ ಕರೀತಿದಾರೆ. ರೆಸ್ಟ್ ರೂಮ್ ಡೆಕೊರೇಷನ್ ಅಂತೆ," ಅಂದ ಮೇಸ್ತ್ರಿ.

"ಎಲ್ಲಿ ರೆಸ್ಟು, ಯಾರಿಗೆ ರೆಸ್ಟು?"

"ಕಕ್ಕಸು ಕಣಕ್ಕ. ಅತಿಥಿಗಳದ್ದು."

ಅತಿಥಿಗಳ ಕಕ್ಕಸು ಗಂಟಕ್ಕನ ಮನೆಗಿಂತ ದೊಡ್ಡದಿತ್ತು. ಅವಳು ಕನ್ನಡಿಯ ಸುತ್ತ ನೀಲಿ ಗುಲಾಬಿ ಕಟ್ಟಿದಳು. ಬಾಗಿಲಿಗೆ ಸೇವಂತಿಗೆಯ ಕಮಾನು ಕಟ್ಟಿದಳು. ಕಾಗದದ ಸುರುಳಿ ಸಿಗಿಸುವ ಕಂಬಿಗೂ ಒಂದು ಮೊಳ ಸುತ್ತಿದಳು. ಕೊನೆಗೆ ಥೀಮ್ ಮೇಡಮ್ ಕಮೋಡಿನ ಮುಚ್ಚಳ ಎತ್ತಿ ಒಳಗೆ ಬೆರಳು ತೋರಿಸಿದಳು.

"ಇಲ್ಲಿ ನೀರಿನ ಮೇಲೆ ದಳ ತೇಲ್ಬೇಕು. ಉಂಗುರದ ತರ. ಒಬ್ಬರು ಹೋಗಿ ಬಂದ ಮೇಲೆ ಮತ್ತೆ ಫ್ರೆಶ್ ಉಂಗುರ."

ಗಂಟಕ್ಕ ತಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಆಕೆಯ ಮುಖ ನೋಡಿದಳು. "ಅದರ ಮೇಲೆ ಕೂತ್ಕೊಳ್ಳೋದಲ್ವಾ ಮೇಡಮ್? ಯಾರಿಗೆ ಕಾಣುತ್ತೆ?"

"ಕೂರೋಕೆ ಮುಂಚೆ ಕಾಣುತ್ತಲ್ಲ!"

ಹೊಟ್ಟೆಗೆ ಹಿಟ್ಟಿಲ್ಲದವರು ಜುಟ್ಟಿಗೆ ಮಲ್ಲಿಗೆ ಮುಡಿಯುವುದನ್ನು ಗಂಟಕ್ಕ ನೋಡಿದ್ದಳು. ಕಮೋಡಿಗೆ ಮುಡಿಸುವುದು ಇದೇ ಮೊದಲು. ಮುಡಿಸಿದಳು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಎಂಬ ಗಾದೆ ಇದೆ. ಇಲ್ಲಿ ಹೂವು ಹೋದದ್ದು ಕಕ್ಕಸಿಗೆ. ನಾರಿಗೆ ಅಲ್ಲಿಗೂ ಪ್ರವೇಶವಿರಲಿಲ್ಲ.

ಪ್ರತಿ ಸಲ ದಳ ಹಾಕಲು ಅಲ್ಲೇ ಒಬ್ಬರು ನಿಲ್ಲಬೇಕಿತ್ತು. ಥೀಮ್ ಮೇಡಮ್ ಸಾಲಾಗಿ ಹೆಂಗಸರನ್ನು ನೋಡುತ್ತ ಬಂದು ಸೊಸೆಯ ಹೊಟ್ಟೆಯ ಹತ್ತಿರ ನಿಂತಳು. "ಇವಳು ಆಗಬಹುದು. ಈ ಹೊಟ್ಟೆ ಇಟ್ಕೊಂಡು ಹಾಲ್‌ನಲ್ಲಂತೂ ಓಡಾಡೋ ಹಾಗಿಲ್ಲ."

ಗಂಟಕ್ಕನಿಗೆ ಒಳಗೊಳಗೇ ಸಮಾಧಾನವಾಯಿತು. ಕಕ್ಕಸಿನಲ್ಲೇ ಕೆಲಸ ಅಂದರೆ ಸೊಸೆಗೆ ಕಕ್ಕಸು ಸಿಕ್ಕಿದ ಹಾಗೇ ಅಲ್ಲವೇ? ಬಾವಿಕಟ್ಟೆಯ ಮೇಲೆ ಕೂತವಳಿಗೆ ಬಾಯಾರಿಕೆಯೇ? ಅವಳು ಸೊಸೆಯ ಕೈಗೆ ದಳದ ಬುಟ್ಟಿ ಕೊಟ್ಟು, ಮೆಲ್ಲಗೆ, "ನೀರು ಕುಡಿ. ಅಲ್ಲೇ ನಲ್ಲಿ ಇದೆ" ಅಂದಳು.

"ಕುಡೀತೀನಿ ಬಿಡಿ. ಅದನ್ನೂ ನೀವೇ ಹೇಳ್ಕೊಡ್ಬೇಕಾ?" ಅಂದಳು ಸೊಸೆ.

ಅತಿಥಿಗಳು ಬರುವ ಮೊದಲು ಥೀಮ್ ಮೇಡಮ್ ಹಾಲ್‌ನ ನಡುವೆ ನಿಂತು ಫೋನಿನಲ್ಲಿ ಮಾತಾಡಿದಳು. ಆಗ ನೆಲ ಒರೆಸುವವರು ಅಲ್ಲಿದ್ದರು. ಕುರ್ಚಿಗೆ ಬಟ್ಟೆ ಕಟ್ಟುವವರು, ಪಾತ್ರೆ ಹೊರುವವರು, ಹೂ ಕಟ್ಟುವವರು ಎಲ್ಲರೂ ಅಲ್ಲೇ ಇದ್ದರು. "ಇಲ್ಲ ಕಣೇ, ಇಲ್ಲಿ ಯಾರೂ ಇಲ್ಲ. ನಾನೊಬ್ಬಳೇ ಒದ್ದಾಡ್ತಿದೀನಿ," ಅಂದಳು ಮೇಡಮ್. ಗಂಟಕ್ಕ ತಿರುಗಿ ತಿರುಗಿ ನೋಡಿದಳು. ಜನ ಕಿಕ್ಕಿರಿದಿದ್ದರು.

ಸಂಜೆ ಮದುವೆ ಶುರುವಾಯಿತು. ವೇದಿಕೆಯ ಮೇಲೆ ಮದುಮಕ್ಕಳ ಬೆನ್ನಿಗೆ ಎತ್ತರದ ಹೂವಿನ ಗೋಡೆ. ಮರದ ಚೌಕಟ್ಟಿಗೆ ದಾರದ ಬಲೆ, ಬಲೆಯ ಕಣ್ಣುಕಣ್ಣಿಗೂ ಹೂವು. ಎಲ್ಲ ಗಂಟೂ ಗಂಟಕ್ಕನದೇ. ದೀಪಗಳ ಬಿಸಿಗೆ ಹೂವು ಬೇಗ ತಲೆಬಾಗುತ್ತಿತ್ತು. ಅದಕ್ಕೆ ಗಂಟಕ್ಕನನ್ನು ಗೋಡೆಯ ಹಿಂದೆ ನಿಲ್ಲಿಸಿದ್ದರು. ಬಾಡಿದ್ದನ್ನು ಹಿಂದಿನಿಂದ ಎಳೆದುಕೊಂಡು ಹೊಸದನ್ನು ಸಿಕ್ಕಿಸುವುದು, ಬಲೆಯ ಕಣ್ಣಿನಿಂದ ಕೈ ಆಚೆ ಚಾಚಿ ದಳ ಸರಿಪಡಿಸುವುದು ಅವಳ ಕೆಲಸ.

"ಮುಂದೆ ಕೂತವರಿಗೆ ಕೈ ಕಾಣಲ್ವಾ ಮೇಡಮ್?" ಎಂದು ಮೇಸ್ತ್ರಿ ಅನುಮಾನಪಟ್ಟಿದ್ದ.

ಥೀಮ್ ಮೇಡಮ್ ಗಂಟಕ್ಕನ ಕೈ ಹಿಡಿದು ದೀಪದ ಬೆಳಕಿಗೆ ತಿರುಗಿಸಿ ನೋಡಿದಳು. ಬಟ್ಟೆ ಅಂಗಡಿಯಲ್ಲಿ ಸೆರಗಿನ ಬಣ್ಣ ನೋಡುವಂತೆ ನೋಡಿದಳು. "ಕೈ ಪರವಾಗಿಲ್ಲ, ಥೀಮ್‌ಗೆ ಹೊಂದುತ್ತೆ. ಮುಖ ಹೊಂದಲ್ಲ. ಮುಖ ಮಾತ್ರ ತೋರಿಸ್ಬೇಡ."

ಹಾಗಾಗಿ ಗಂಟಕ್ಕನ ಕೈಗಳು ಮದುವೆಯ ಒಳಗಿದ್ದವು. ಗಂಟಕ್ಕ ಹೊರಗಿದ್ದಳು. ಬೆಳಿಗ್ಗೆಯಿಂದ ಕಟ್ಟಿಕೊಂಡದ್ದು ಕಿಬ್ಬೊಟ್ಟೆಯಲ್ಲಿ ಕಲ್ಲಾಗಿ ಕೂತಿತ್ತು. ಕಾಲು ಬದಲಿಸಿ ಬದಲಿಸಿ ನಿಂತಳು. ಅವಳಿಗೆ ಇದು ಹೊಸದಲ್ಲ. ಗಂಡಸರು ಗೋಡೆ ಸಿಕ್ಕಲ್ಲಿ ಹಗುರಾಗುತ್ತಾರೆ. ಗೋಡೆ ಕಟ್ಟಿದ ಹೆಂಗಸಿಗೆ ಅದೇ ಗೋಡೆ ಸೆರೆಮನೆ.

ಅಷ್ಟರಲ್ಲಿ ಹಿಂದಿನ ಓಣಿಯಿಂದ ಸೊಸೆ ಬಂದಳು. ಗೋಡೆ ಹಿಡಿದುಕೊಂಡು, ಬಗ್ಗಿಕೊಂಡು ಬಂದಳು. ಮುಖ ಬೆವೆತಿತ್ತು.

"ಅತ್ತೆ, ಆಗ್ತಿಲ್ಲ. ಸೊಂಟದಿಂದ ಉರಿ ಇಳೀತಿದೆ. ಹೋದ್ಸಲದ ಹಾಗೇ."

"ಅಲ್ಲೇ ನಿಂತಿದೀಯಲ್ಲೇ ಮಾರಾಯ್ತಿ! ಹೋಗೋಕೇನು ಧಾಡಿ?"

ಸೊಸೆ ಅಳುತ್ತ ಹೇಳಿದಳು. ಬಂದವರು ಒಬ್ಬರ ಹಿಂದೆ ಒಬ್ಬರು ಬರುತ್ತಲೇ ಇದ್ದರಂತೆ. ನೀಲಿ ಶರಬತ್ತು ಕುಡಿದು ಕುಡಿದು ಬರುತ್ತಿದ್ದರಂತೆ. ಅವರು ಎದ್ದು ಬಂದಾಗಲೆಲ್ಲ ಇವಳು ಹೋಗಿ, ಒರೆಸಿ, ನೀರು ಬಿಟ್ಟು, ದಳ ತೇಲಿಸಿದಳಂತೆ. ಕೊನೆಗೆ ಯಾರೂ ಇಲ್ಲದ ಹೊತ್ತು ನೋಡಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಇನ್ನೂ ಕೂತಿರಲಿಲ್ಲ. ಬಾಗಿಲು ಬಡಿಯಿತು. ಥೀಮ್ ಮೇಡಮ್‌ನ ದನಿ. "ಯಾರಿದ್ದೀರಿ ಒಳಗೆ?"

"ನೀನೇನಂದೆ?"

"ಯಾರೂ ಇಲ್ಲ ಮೇಡಮ್ ಅಂದೆ."

ಗಂಟಕ್ಕನಿಗೆ ನಗು ಬಂದುಬಿಟ್ಟಿತು. ನಗು ಅರ್ಧಕ್ಕೇ ನಿಂತಿತು. ಒಳಗೆ ನಿಂತು ಒಳಗೆ ಯಾರೂ ಇಲ್ಲ ಎಂದಿದ್ದಾಳೆ. ಹುಚ್ಚಿ. ಹಾಗೆ ಹೇಳಲು ಅವಳಿಗೆ ಕಲಿಸಿದವರು ಯಾರು? ತಾನೇ. ಯಾವ ಹಾಲ್‌ಗೆ ಹೋದರೂ ಇದ್ದೂ ಇಲ್ಲದ ಹಾಗಿರು ಎಂದು ಹೇಳಿಕೊಟ್ಟವಳು ತಾನೇ.

ಮೇಸ್ತ್ರಿಯನ್ನು ಕರೆದಳು. ಅವನು ಕೋಟಿನ ಗುಂಡಿ ತಿರುವುತ್ತ ಬಂದ. "ಅಕ್ಕ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಇನ್ನೇನು ಉಂಗುರ ಬದಲಾಯಿಸ್ತಾರೆ, ಊಟ ಆಗುತ್ತೆ, ಮುಗೀತು. ಮುಂದಿನ ಮದುವೆನೂ ಈ ಮೇಡಮ್ಮದೇ ಕಣಕ್ಕ. ಅದು ಹಳದಿ."

"ನಿನ್ನ ಹಳದಿಗೆ ಬೆಂಕಿ ಬೀಳ! ಮಗು ಹೋಗುತ್ತೆ ಕಣೋ. ಹೋದ್ಸಲದ್ದು ನೀನೇ ಬಟ್ಟೆಲಿ ಸುತ್ಕೊಂಡು ಹೋಗಿ ಮಣ್ಣು ಮಾಡಿ ಬಂದೆ. ಮರ್ತೋಯ್ತಾ?"

ಮೇಸ್ತ್ರಿ ಗುಂಡಿಯಿಂದ ಕೈ ತೆಗೆದ. ಅಷ್ಟು ಹೊತ್ತಿಗೆ ಪಿಸುಮಾತು ಕೇಳಿ ಥೀಮ್ ಮೇಡಮ್ಮೇ ಗೋಡೆಯ ಹಿಂದೆ ಬಂದಳು. "ಏನಿದು? ಎಡಗಡೆ ಮೂರನೇ ಸಾಲು ಬಾಡಿದೆ. ದಳ ಹಾಕೋಳು ಇಲ್ಯಾಕಿದಾಳೆ?"

ಗಂಟಕ್ಕ ಕೈ ಮುಗಿದು ಕೇಳಿದಳು. ಮುಗಿದದ್ದನ್ನು ನೆನೆದರೆ ಆಮೇಲೆ ಎಷ್ಟೋ ದಿನ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. "ಮೇಡಮ್, ಬಸುರಿ ಹೆಂಗಸು. ಒಂದಕ್ಕೆ ಹೋಗ್ಬರ್ಲಿ. ಒಂದೇ ಸಲ."

"ಅಲ್ಲಮ್ಮ, ನೀವು ಕೂತ ಮೇಲೆ ಅದರ ಮೇಲೆ ಗೆಸ್ಟ್‌ಗಳು ಹೇಗೆ ಕೂರ್ತಾರೆ? ಸ್ವಲ್ಪ ಯೋಚನೆ ಮಾಡಿ."

"ಅದನ್ನ ತೊಳೆಯೋದು ನಾವೇ ಅಲ್ವಾ?"

"ತೊಳೆಯೋದು ಬೇರೆ, ಕೂರೋದು ಬೇರೆ."

"ಹಿಂದಿನ ಕಕ್ಕಸಿನ ಬೀಗದ ಕೈನಾದ್ರೂ ಕೊಡಿ."

"ಅಲ್ಲಿ ಹೂವಿದೆಯಲ್ಲ!" ಅಂದಳು ಮೇಡಮ್, ನಿಜವಾಗಿಯೂ ಬೆಚ್ಚಿಬಿದ್ದು. ಆಮೇಲೆ ಸುತ್ತ ನೋಡಿದಳು. ಮೂಲೆಯಲ್ಲಿ ಬಾಡಿದ ಹೂವು ತುಂಬಲು ಇಟ್ಟಿದ್ದ ಪ್ಲಾಸ್ಟಿಕ್ ಬಕೆಟ್ ಕಂಡಿತು. ಆಕೆಯ ಮುಖ ಅರಳಿತು. ದೊಡ್ಡ ಉಪಕಾರ ಮಾಡುವವಳಂತೆ ಅದನ್ನು ಕಾಲಿನಿಂದ ಸೊಸೆಯ ಕಡೆ ತಳ್ಳಿದಳು. "ಇದರಲ್ಲೇ ಮಾಡ್ಲಿ. ಇಲ್ಲೇ. ಸದ್ದು ಮಾಡ್ಬೇಡಿ ಅಷ್ಟೆ, ಆಚೆ ಮದುವೆ ನಡೀತಿದೆ. ಬಕೆಟ್ ಹೇಗೂ ನೀಲಿ ಇದೆ, ಪರವಾಗಿಲ್ಲ."

ಆಕೆ ಹೊರಟುಹೋದಳು.

ಸೊಸೆ ಬಕೆಟ್ ನೋಡಿದಳು. ಅತ್ತೆಯನ್ನು ನೋಡಿದಳು. ನೋವು ತಡೆಯಲಾರದೆ ಬಟ್ಟೆಗೆ ಕೈ ಹಾಕಿದಳು. ಕೂರಲು ಬಗ್ಗಿದಳು. ಮೇಸ್ತ್ರಿ ಮುಖ ಆಚೆ ತಿರುಗಿಸಿಕೊಂಡ.

ಗಂಟಕ್ಕ ಬಕೆಟನ್ನು ಒದ್ದಳು. ಅದು ಉರುಳಿ ಹೋಗಿ ಚೌಕಟ್ಟಿಗೆ ಬಡಿಯಿತು. "ಏಳು," ಅಂದಳು.

ಹೂ ಕತ್ತರಿಯನ್ನು ಸೊಂಟದಿಂದ ಎಳೆದಳು. ತಾನು ಹಾಕಿದ ಗಂಟಿಗೆ ಕತ್ತರಿ ಹಾಕಿದಳು. ಒಂದು ಗಂಟು, ಇನ್ನೊಂದು, ಮತ್ತೊಂದು. ಗಂಟುಗಳು ಸುಲಭಕ್ಕೆ ಬಗ್ಗಲಿಲ್ಲ, ಅವು ಅವಳದೇ ಗಂಟುಗಳು. ಕತ್ತರಿ ಸಾಲದಾದಾಗ ಹಲ್ಲು ಹಾಕಿದಳು. ಬಲೆ ಹರಿಯಿತು. ಹೂವು ದೊಪದೊಪನೆ ಬಿತ್ತು. ಮದುಮಗ ಮದುಮಗಳ ಬೆರಳಿಗೆ ಉಂಗುರ ತೊಡಿಸುತ್ತಿದ್ದ ಹೊತ್ತಿಗೆ ಸರಿಯಾಗಿ ಅವರಿಬ್ಬರ ನಡುವೆ ಗೋಡೆಯೊಳಗಿಂದ ಗಂಟಕ್ಕನ ಮುಖ ಹೊರಬಂತು. ಹಲ್ಲಿನ ಸಂದಿಯಲ್ಲಿ ನೀಲಿ ದಾರ ಜೋತಾಡುತ್ತಿತ್ತು.

ಹಾಲ್ ಚಪ್ಪಾಳೆ ತಟ್ಟಿತು.

ಹೌದು, ಚಪ್ಪಾಳೆ. ಜನ ಎದ್ದು ನಿಂತು ತಟ್ಟಿದರು. ಫೋನುಗಳು ಮೇಲೆದ್ದವು. "ಎಂಥಾ ಐಡಿಯಾ!" ಎಂದು ಯಾರೋ ಕೂಗಿದರು. ಮದುವೆ ನಡೆಸಿಕೊಡುತ್ತಿದ್ದ ಮೈಕಿನವನು ಇದು ತನಗೆ ಹೇಳದೆ ಇಟ್ಟ ವಿಶೇಷ ಕಾರ್ಯಕ್ರಮ ಎಂದುಕೊಂಡು, ಗೋಡೆಯಿಂದ ಹೊರಗೆ ಕಾಲಿಡಲು ಅವಳಿಗೆ ಕೈ ಕೊಟ್ಟ. "ಹೂವಿನ ದೇವತೆಗೆ ಸ್ವಾಗತ!" ಎಂದು ಮೈಕನ್ನು ಅವಳ ಬಾಯಿಗೆ ಹಿಡಿದ.

"ನನ್ನ ಸೊಸೆಗೆ ಒಂದಕ್ಕೆ ಹೋಗ್ಬೇಕು," ಅಂದಳು ಗಂಟಕ್ಕ.

ಹಾಲ್‌ನ ಮೂಲೆಮೂಲೆಯಿಂದ ಅವಳ ದನಿ ತಿರುಗಿ ಬಂತು. ಜನ ನಕ್ಕರು. ಮತ್ತೆ ತಟ್ಟಿದರು.

"ಇದು ನಾಟಕ ಅಲ್ಲ. ತಟ್ಬೇಡಿ. ಬೆಳಿಗ್ಗೆಯಿಂದ ಹೂವಿಗೆ ನೀರು ಕುಡಿಸಿದೀವಿ, ನಾವು ಕುಡಿದಿಲ್ಲ. ನಮ್ಮ ಕಕ್ಕಸಿನಲ್ಲಿ ಹೂವು ನಿಂತಿದೆ. ನಿಮ್ಮ ಕಕ್ಕಸಿಗೆ ನಾನೇ ಹೂ ಕಟ್ಟಿದೀನಿ. ನೀವು ಎದ್ದು ಬಂದಾಗಲೆಲ್ಲ ನನ್ನ ಸೊಸೆ ಹೋಗಿ ದಳ ಹಾಕಿದಾಳೆ. ಯಾರ್ಯಾರು ಹೋದ್ರಿ, ಹೇಗೆ ಬಿಟ್ಟು ಬಂದ್ರಿ, ಎಲ್ಲ ಅವಳಿಗೆ ಗೊತ್ತು. ಅವಳು ಮಾತ್ರ ಹೋಗಿಲ್ಲ."

ಈಗ ಚಪ್ಪಾಳೆ ನಿಂತಿತು. ಮುಂದಿನ ಸಾಲಿನ ಹೆಂಗಸರು ಹರಿದ ಗೋಡೆಯ ಆಚೆ ನಿಂತಿದ್ದ ಬಸುರಿಯನ್ನು ನೋಡಿದರು. ಗುರುತು ಸಿಕ್ಕಿತು. ಒಬ್ಬೊಬ್ಬರಾಗಿ ಕಣ್ಣು ತಗ್ಗಿಸಿದರು.

ಥೀಮ್ ಮೇಡಮ್ ವೇದಿಕೆಯ ಕೆಳಗಿನಿಂದ, "ಕಟ್! ಮೈಕ್ ಕಟ್ ಮಾಡಿ!" ಎಂದು ಕಿರುಚಿದಳು. ಮೈಕ್ ಸತ್ತಿತು. ಗಂಟಕ್ಕನಿಗೆ ಅದರ ಹಂಗಿರಲಿಲ್ಲ. ಸೊಸೆಯ ಕೈ ಹಿಡಿದು ಮೆಟ್ಟಿಲಿಳಿಸಿದಳು. ಹಿಂದಿನ ಓಣಿಯಲ್ಲಿ ಹೋಗಬಹುದಿತ್ತು. ಹೋಗಲಿಲ್ಲ. ನೀಲಿ ನೆಲಹಾಸಿನ ನಟ್ಟನಡುವೆ, ಮದುಮಕ್ಕಳು ನಡೆದುಬಂದ ದಾರಿಯಲ್ಲೇ ನಡೆಸಿದಳು. ಮಾಸಿದ ಕಂದು ಬಟ್ಟೆಯ ಹೆಂಗಸರಿಬ್ಬರು. ಮೇಡಮ್ ಅಡ್ಡ ಬಂದಳು. ಮೇಸ್ತ್ರಿಗೆ, "ಹಿಡ್ಕೊಳ್ರೀ ಅವರನ್ನ!" ಅಂದಳು. ಮೇಸ್ತ್ರಿ ಓಡಿ ಬಂದ. ಅಕ್ಕನ ಮುಂದೆ ನಿಂತ. ಕೋಟು ಬಿಚ್ಚಿ ಸೊಸೆಯ ಹೆಗಲ ಮೇಲೆ ಹೊದಿಸಿ, ಪಕ್ಕಕ್ಕೆ ಸರಿದ.

ಪರದೆಗಳ ಹಿಂದಿನಿಂದ ಜನ ಬರತೊಡಗಿದರು. ನೆಲ ಒರೆಸುವವಳು ಬಂದಳು. ಪಾತ್ರೆ ತೊಳೆಯುವವರು ಕೈಯ ಸೋಪಿನ ನೊರೆಯ ಸಮೇತ ಬಂದರು. ಹೂ ಕಟ್ಟುವವರೆಲ್ಲ ಬಂದರು. ಅತಿಥಿಗಳ ಕಕ್ಕಸಿನ ಮುಂದೆ ಸಾಲು ನಿಂತಿತು. ಸೊಸೆ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಗಂಟಕ್ಕ ಕತ್ತರಿ ಹಿಡಿದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

ಸಾಲಿನ ಕೊನೆಗೆ ಏನೋ ಸರಬರ ಸದ್ದಾಯಿತು. ಮದುಮಗಳು. ಬಾಗಿಲಲ್ಲಿ ಹಿಡಿಸದಷ್ಟು ಅಗಲದ ನೀಲಿ ಉಡುಪನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. "ನಂಗೂ ಬೆಳಿಗ್ಗೆಯಿಂದ ನೀರು ಕುಡೀಬೇಡ ಅಂದಿದಾರೆ. ಈ ಡ್ರೆಸ್ ಬಿಚ್ಚೋಕಾಗಲ್ವಂತೆ. ನಾನು ಮುಂದೆ ಹೋಗ್ಲಾ?"

"ಪಾಪ, ನಿಂತ್ಕೋ ತಾಯಿ. ಪಾತ್ರೆ ತೊಳೆಯೋಳ ಹಿಂದೆ," ಅಂದಳು ಗಂಟಕ್ಕ.

ಮದುಮಗಳು ನಿಂತಳು. ಪಾತ್ರೆ ತೊಳೆಯುವವಳು ಅವಳ ಉಡುಪಿನ ಒಂದು ಅಂಚು ಹಿಡಿದುಕೊಂಡಳು. ಮದುವೆ ವೇದಿಕೆಯ ಮೇಲೆ ಅರ್ಧಕ್ಕೆ ನಿಂತಿತ್ತು. ಮದುಮಗ ಒಬ್ಬನೇ ತೂತುಬಿದ್ದ ಗೋಡೆಯ ಮುಂದೆ ಉಂಗುರ ಹಿಡಿದು ನಿಂತಿದ್ದ.

ಚಿಲಕ ತೆಗೆದ ಸದ್ದಾಯಿತು. ಸೊಸೆ ಹೊರಗೆ ಬಂದಳು. ಮುಖಕ್ಕೆ ರಕ್ತ ಬಂದಿತ್ತು. ಕನ್ನಡಿಯ ಮುಂದಿನ ನಲ್ಲಿ ತಿರುಗಿಸಿ, ಬೊಗಸೆಯೊಡ್ಡಿ, ಎಲ್ಲರೆದುರಿಗೇ ಗಟಗಟ ನೀರು ಕುಡಿದಳು. ಕುಡಿಯುತ್ತಲೇ ಇದ್ದಳು. ನೀರು ಗದ್ದದಿಂದ ಹೊಟ್ಟೆಯ ಮೇಲೆ ಸುರಿಯಿತು. ಆಮೇಲೆ ಹೊಟ್ಟೆಯ ಒಂದು ಬದಿಗೆ ಕೈಯಿಟ್ಟುಕೊಂಡು, "ಒದೀತಿದೆ" ಅಂದಳು. ಗಂಟಕ್ಕನ ಕಣ್ಣು ತುಂಬಿ ಬಂತು. ತೋರಿಸಿಕೊಳ್ಳಲಿಲ್ಲ.

ಸೊಸೆ ಅತ್ತೆಯ ಕೈಯಿಂದ ಕತ್ತರಿ ಕಿತ್ತುಕೊಂಡಳು. "ನೀವೂ ಹೋಗಿ. ಬೆಳಿಗ್ಗೆಯಿಂದ ನೀವೂ ಹೋಗಿಲ್ಲ. ನಂಗೆ ಗೊತ್ತಿಲ್ಲ ಅಂದ್ಕೊಂಡ್ರಾ? ಬಾಗಿಲು ನಾನು ಕಾಯ್ತೀನಿ."

ಸಾಲಿನವರು ದಾರಿ ಬಿಟ್ಟರು. ಗಂಟಕ್ಕ ಒಳಗೆ ಹೋದಳು. ತಾನು ಕಟ್ಟಿದ ಕಮಾನು ತಲೆಗೆ ತಾಗಿತು. ಕಮೋಡಿನಲ್ಲಿ ದಳವಿರಲಿಲ್ಲ, ಬರೀ ನೀರಿತ್ತು. ಚಿಲಕ ಹಾಕಿ ಕೂತಳು. ಕಲ್ಲು ಕರಗಲು ಹೊತ್ತು ಹಿಡಿಯಿತು. ಹೊರಗೆ ಥೀಮ್ ಮೇಡಮ್‌ನ ದನಿ, ಸೊಸೆಯ ದನಿ, ತಳ್ಳಾಟ. ಆಮೇಲೆ ಬಾಗಿಲು ದಬದಬ ಬಡಿಯಿತು. ಮೇಡಮ್ ಸಂಜೆಯಿಂದ ಎಷ್ಟು ನೀಲಿ ಶರಬತ್ತು ಕುಡಿದಿದ್ದಳೋ, ದನಿಯಲ್ಲೇ ಅವಸರ ಕಾಣುತ್ತಿತ್ತು.

"ಯಾರಿದ್ದೀರಿ ಒಳಗೆ?"

"ಜನ ಇದ್ದೀವಿ," ಎಂದು ಗಂಟಕ್ಕ ಕೂತಲ್ಲಿಂದಲೇ ಕೂಗಿದಳು. "ಸಾಲಲ್ಲಿ ನಿಂತ್ಕೊಳ್ಳಿ."